ಥೇಮ್ಸ್ ತೀರದ ಕೋಟೆ

ಲಂಡನ್ ನಗರದಲ್ಲಿ, ಥೇಮ್ಸ್ ನದಿಯ ಉತ್ತರ ದಡದ ಮೇಲೆ ‘ಟವರ್ ಆಫ್ ಲಂಡನ್’ ಎಂಬ ಪ್ರಾಚೀನ ಕೋಟೆಯಿದೆ. ಹೆಸರಿಗೆ ಗೋಪುರವಾದರೂ ಇದು ಒಂದೇ ಗೋಪುರವಲ್ಲ; ಎರಡು ಸುತ್ತಿನ ಗೋಡೆಯೂ ಅನೇಕ ಬುರುಜುಗಳೂ ಉಳ್ಳ ದುರ್ಗ. 1066ರಲ್ಲಿ ಇಂಗ್ಲೆಂಡನ್ನು ಜಯಿಸಿದ ನಾರ್ಮಂಡಿಯ ವಿಲಿಯಮನು ಲಂಡನ್ನಿನ ಜನರನ್ನು ಅಂಕೆಯಲ್ಲಿಡಲು ಇದನ್ನು ಕಟ್ಟಿಸತೊಡಗಿದನು. ನಡುವೆ ನಿಂತಿರುವ ಶ್ವೇತಗೋಪುರದ ಎತ್ತರ ಸುಮಾರು 27 ಮೀಟರ್.

ನದಿಯ ಕಡೆಗಿರುವ ನೀರುಬಾಗಿಲಿಗೆ ‘ದ್ರೋಹಿಗಳ ಬಾಗಿಲು’ ಎಂದು ಹೆಸರು. ಸೆರೆಯಾಳುಗಳನ್ನು ದೋಣಿಯಲ್ಲಿ ಈ ದಾರಿಯಾಗಿ ತರುತ್ತಿದ್ದರು. ಅರಮನೆ, ಸೆರೆಮನೆ, ಟಂಕಸಾಲೆ, ಬೊಕ್ಕಸ ಎಲ್ಲವೂ ಈ ಕೋಟೆಯೇ ಆಗಿದ್ದ ಕಾಲವೊಂದಿತ್ತು. ಹಿರಿಯರ ಹಂಚಿಕೆಯಿಂದ ಒಂಬತ್ತೇ ದಿನ ರಾಣಿಯೆನಿಸಿದ ತರುಣಿ ಜೇನ್ ಗ್ರೇ 1554ರಲ್ಲಿ ಶಿರಚ್ಛೇದಕ್ಕೆ ಗುರಿಯಾದದ್ದು ಇಲ್ಲಿಯೇ.

ಇನ್ನು ನಾವು ರತ್ನಭಂಡಾರವನ್ನು ಹೊಗೋಣ. ಇಲ್ಲಿನ ಕಿರೀಟಗಳಲ್ಲಿ ಬಹಳ ಹಳೆಯವು ಉಳಿದಿಲ್ಲ. 1649ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯನ್ನು ಕೊಂದ ಬಳಿಕ ರಾಜಚಿಹ್ನೆಗಳನ್ನು ಕರಗಿಸಿದರು, ಮಾರಿದರು. 1661ರಲ್ಲಿ ಅವನ ಮಗನ ಪಟ್ಟಾಭಿಷೇಕಕ್ಕಾಗಿ ಹೊಸದಾಗಿ ಮಾಡಿಸಿದ ಚಿನ್ನದ ಕಿರೀಟವು ಎರಡು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಪ್ರೇಕ್ಷಕರು ಒಂದೆಡೆ ಗುಂಪುಗೂಡದಂತೆ, ಚಲಿಸುವ ಪಟ್ಟಿಯ ಮೇಲೆ ನಿಂತು ಕಿರೀಟಗಳನ್ನು ನೋಡುತ್ತ ಸಾಗುವ ಏರ್ಪಾಡು ಇದೆ.

ಆದರೆ ಭಾರತೀಯರಾದ ನಮ್ಮ ಕಣ್ಣು ಅರಸುವುದು ಕೊಹಿನೂರ್ ವಜ್ರವನ್ನು. 1739ರಲ್ಲಿ ದಿಲ್ಲಿಯನ್ನು ಸೂರೆಗೈದ ನಾದಿರ್ ಷಾ ಅದನ್ನು ಪರ್ಷಿಯಕ್ಕೆ ಒಯ್ದನು. ಅಲ್ಲಿಂದ ಅದು ಆಫ್ಘನ್ ಅರಸರ ಪಾಲಾಗಿ, 1813ರಲ್ಲಿ ಪಂಜಾಬಿನ ರಣಜಿತ್ ಸಿಂಗನ ಕೈಸೇರಿತು. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪಂಜಾಬನ್ನು ವಶಪಡಿಸಿಕೊಂಡಾಗ, ರಾಜ್ಯವನ್ನೂ ವಜ್ರವನ್ನೂ ಒಪ್ಪಿಸುವ ಕರಾರಿಗೆ ರಣಜಿತನ ಮಗ ದುಲೀಪ್ ಸಿಂಗನು ಒಪ್ಪಿಗೆ ಹಾಕಬೇಕಾಯಿತು. ಆಗ ಅವನ ವಯಸ್ಸು ಕೇವಲ ಹತ್ತು. ತಾಯಿಯನ್ನೂ ಅವನಿಂದ ಅಗಲಿಸಿದ್ದರು. ನಮ್ಮ ಶಾಲೆಯಲ್ಲಿ ಐದನೆಯ ತರಗತಿಯಲ್ಲಿ ಕುಳಿತಿರುವ ಬಾಲಕನ ವಯಸ್ಸದು!

1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಸಾಣೆ ಹಿಡಿದಾಗ 186 ಕ್ಯಾರಟ್ಟಿನ ವಜ್ರವು ಸುಮಾರು 105 ಕ್ಯಾರಟ್ಟಿಗೆ ಇಳಿಯಿತು. 1937ರಲ್ಲಿ ಸಿದ್ಧವಾದ ರಾಣಿಯ ಕಿರೀಟದಲ್ಲಿ ಅದು ಇಂದಿಗೂ ಹೊಳೆಯುತ್ತಿದೆ. ಅದನ್ನು ಹಿಂದಿರುಗಿಸಬೇಕೆಂದು ಭಾರತವೂ ಪಾಕಿಸ್ತಾನವೂ ಕೇಳಿದ್ದುಂಟು. 2023ರ ಪಟ್ಟಾಭಿಷೇಕದಲ್ಲಿ ರಾಣಿ ಕಮಿಲಾ ಕೊಹಿನೂರಿಲ್ಲದ ಬೇರೊಂದು ಕಿರೀಟವನ್ನು ಧರಿಸಿದರು.

ರತ್ನದ ತೂಕವನ್ನು ತಕ್ಕಡಿಯು ಹೇಳೀತು. ಅದು ಯಾರ ಕೈಯಿಂದ ಯಾರ ಕೈಗೆ, ಹೇಗೆ ಬಂದಿತೆಂಬುದನ್ನು ಇತಿಹಾಸವೇ ಹೇಳಬೇಕು. ಯಾವ ಭಂಡಾರವನ್ನು ನೋಡುವಾಗಲೂ ಈ ಪ್ರಶ್ನೆಯನ್ನು ಕೇಳಲು ನಾವು ಮರೆಯದಿರೋಣ.