ಮೋಟಾರಿನ ಮೀಟರ್ ದೀಪ

ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುವ ಬಿ. ಎ. ತರಗತಿಯ ವಿದ್ಯಾರ್ಥಿಗೆ ಮೋಟಾರಿನ ತಂತಿಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಕೇಳಬೇಕಾದದ್ದೇ. ನನ್ನ ತಂದೆಯವರು ಜಮಖಂಡಿಯಲ್ಲಿ ಮೋಟಾರು ಗಾಡಿಗಳ ವೈರಿಂಗ್ ಕೆಲಸ ಮಾಡುವವರು. ಅವರು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಜೆಯ ದಿನಗಳಲ್ಲಿ ಅವರ ಕೈಗೆ ಇಕ್ಕಳ, ಸ್ಕ್ರೂಡ್ರೈವರು ಕೊಡುತ್ತ ನಿಂತು ಕಲಿತ ಒಂದು ಸಣ್ಣ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಸಣ್ಣದು, ಆದರೆ ಅದರ ಹಿಂದೆ ಒಂದು ಜೀವದ ಪ್ರಶ್ನೆಯಿದೆ.

ಚಾಲಕನ ಎದುರಿನ ಫಲಕದಲ್ಲಿ ವೇಗ, ಪೆಟ್ರೋಲು, ಇಂಜಿನ್ನಿನ ಕಾವು ಇವುಗಳನ್ನು ತೋರಿಸುವ ಮುಳ್ಳುಗಳಿರುತ್ತವೆ. ಇರುಳಿನಲ್ಲಿ ಅವು ಕಾಣಲೆಂದು ಒಳಗೆ ಮೂರು ನಾಲ್ಕು ಪುಟ್ಟ ಬಲ್ಬುಗಳಿರುತ್ತವೆ. ಇವನ್ನೇ ನಮ್ಮ ಕಡೆ ಮೀಟರ್ ಲೈಟು ಎನ್ನುತ್ತಾರೆ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರಲ್ಲಿ. ಅದರ ತಯಾರಿಕೆಯೂ ಅಂಬಾಸಿಡರ್ ಗಾಡಿಯ ತಯಾರಿಕೆಯೂ ನಿಂತದ್ದು 2014ರಲ್ಲಿ. ಆದರೂ ಇಂಥ ಹಳೆಯ ಗಾಡಿಗಳು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿವೆ. ಅವುಗಳ ಮೀಟರ್ ದೀಪ ಆರಿದರೆ ಯಾರೂ ಅವಸರ ಮಾಡುವುದಿಲ್ಲ. "ಗಾಡಿ ಓಡತೈತಲ್ಲ, ಸಾಕು" ಎಂದು ಮೊಬೈಲಿನ ಬೆಳಕಿನಲ್ಲಿ ಮುಳ್ಳು ನೋಡಿಕೊಂಡು ಹೋಗುವವರೇ ಹೆಚ್ಚು.

ತಂದೆಯವರು ಮಾತ್ರ ಅಂಥ ಗಾಡಿ ಬಂದೊಡನೆ ಮೀಟರಿಗೆ ಕೈ ಹಾಕುವುದಿಲ್ಲ. ಲೈಟಿನ ಸ್ವಿಚ್ಚು ಹಾಕಿಸಿ ನೆಟ್ಟಗೆ ಗಾಡಿಯ ಹಿಂಬದಿಗೆ ಹೋಗುತ್ತಾರೆ. "ಮುಂದ ಕತ್ತಲಿ ಆತಂದ್ರ ಮೊದಲ ಹಿಂದ ನೋಡಬೇಕ್ರಿ" ಎನ್ನುವುದು ಅವರ ಮಾತು. ಇದರ ಅರ್ಥವಿಷ್ಟೆ: ಹಲವು ಹಳೆಯ ಗಾಡಿಗಳಲ್ಲಿ ಮೀಟರಿನ ದೀಪಕ್ಕೂ ಹಿಂದಿನ ಕೆಂಪು ದೀಪಕ್ಕೂ ವಿದ್ಯುತ್ತು ಒಂದೇ ಫ್ಯೂಜಿನಿಂದ ಹೋಗುತ್ತದೆ. ಆ ಫ್ಯೂಜು ಸುಟ್ಟರೆ ಎರಡೂ ಒಟ್ಟಿಗೆ ಆರುತ್ತವೆ. ಹೆಡ್‌ಲೈಟಿಗೆ ಬೇರೆ ಫ್ಯೂಜು ಇರುವುದರಿಂದ ಅದು ಉರಿಯುತ್ತಲೇ ಇರುತ್ತದೆ. ಚಾಲಕನಿಗೆ ಏನೂ ಕೆಟ್ಟಂತೆ ತೋರುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಸಮೀರವಾಡಿಗಳ ಕಡೆಗೆ ರಾತ್ರಿಯೆಲ್ಲ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ. ಆ ಧೂಳಿನಲ್ಲಿ ಹಿಂದೀಪವಿಲ್ಲದ ಗಾಡಿ ಹಿಂದಿನವನ ಕಣ್ಣಿಗೆ ಬೀಳುವುದು ತೀರ ಸಮೀಪಕ್ಕೆ ಬಂದಾಗಲೇ. ತನ್ನ ಹಿಂದೀಪವನ್ನು ಚಾಲಕನು ಕುಳಿತಲ್ಲಿಂದ ನೋಡಲಾರ. ಅದರ ಸುದ್ದಿಯನ್ನು ಅವನಿಗೆ ಮುಟ್ಟಿಸುವುದು ಈ ಮೀಟರ್ ದೀಪವೇ.

ಇನ್ನು ದೋಷವನ್ನು ಹುಡುಕುವ ಬಗೆ. ಹಿಡಕಲ್ ಜಲಾಶಯದ ನೀರು ಘಟಪ್ರಭಾ ಎಡದಂಡೆ ಕಾಲುವೆಯಿಂದ ಮುಧೋಳ, ಬೀಳಗಿಗಳ ಕಡೆಗೆ ಬರುವುದನ್ನು ನಾವೆಲ್ಲ ಬಲ್ಲೆವು. ತುದಿಯ ಹೊಲಕ್ಕೆ ನೀರು ಬಾರದಿದ್ದರೆ ರೈತನು ಹೊಲದಲ್ಲಿ ಕುಳಿತು ಚಿಂತಿಸುವುದಿಲ್ಲ. ನೀರು ಎಲ್ಲಿಯವರೆಗೆ ಬಂದು ನಿಂತಿದೆಯೆಂದು ಕಾಲುವೆಯ ಗುಂಟ ನಡೆದು ನೋಡುತ್ತಾನೆ. ಗಾಡಿಯಲ್ಲಿ ಬ್ಯಾಟರಿಯೇ ಜಲಾಶಯ. ಅಲ್ಲಿಂದ ಫ್ಯೂಜು, ಸ್ವಿಚ್ಚು, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರು, ಮೀಟರಿನ ಹಿಂದಿನ ಪ್ಲಗ್ಗು, ಕೊನೆಗೆ ಬಲ್ಬು. ಫ್ಯೂಜು, ಸ್ವಿಚ್ಚುಗಳ ಹಿಂದುಮುಂದು ಗಾಡಿಗೊಂದು ತರವಾಗಿರಬಹುದು. ಡಿಮ್ಮರು ಎಲ್ಲ ಗಾಡಿಗಳಲ್ಲಿ ಇರುವುದಿಲ್ಲ. ಈ ದಾರಿಯಲ್ಲಿ ನಡೆಯಲು ಬೇಕಾದ ಉಪಕರಣ ಎರಡು ತಂತಿ ಕಟ್ಟಿದ 12 ವೋಲ್ಟಿನ ಒಂದು ಬಲ್ಬು. ಒಂದು ತಂತಿಯನ್ನು ಗಾಡಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ತಾಗಿಸಿ, ಇನ್ನೊಂದರಿಂದ ಒಂದೊಂದೇ ಎಡೆಯನ್ನು ಮುಟ್ಟಿ ನೋಡಬೇಕು. ಬಲ್ಬು ಎಲ್ಲಿಯವರೆಗೆ ಹತ್ತುವುದೋ ಅಲ್ಲಿಯವರೆಗೆ ದಾರಿ ಸರಿಯಾಗಿದೆ.

ಹಿಂದೀಪವೂ ಆರಿದ್ದರೆ ಮೊದಲು ಫ್ಯೂಜು, ಬಳಿಕ ಸ್ವಿಚ್ಚು. ಸುಟ್ಟ ಫ್ಯೂಜಿನ ಜಾಗದಲ್ಲಿ ಅಷ್ಟೇ ಆಂಪೇರಿನದನ್ನು ಹಾಕಬೇಕು. ಚಪ್ಪಟೆ ಫ್ಯೂಜುಗಳಲ್ಲಿ ಕೆಂಪು 10, ನೀಲಿ 15, ಹಳದಿ 20 ಆಂಪೇರು. ತಾಮ್ರದ ತಂತಿಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಸುತ್ತುವುದು ಗಾಡಿಗೆ ಬೆಂಕಿಯನ್ನು ಕರೆದಂತೆ. ಫ್ಯೂಜು ಸುಡಬೇಕಾದಲ್ಲಿ ತಂತಿ ಸುಡುತ್ತದೆ. ಹೊಸದೂ ಸುಟ್ಟರೆ ಎಲ್ಲಿಯೋ ತಂತಿಯ ಮೈ ಸವೆದು ಕಬ್ಬಿಣಕ್ಕೆ ತಾಗುತ್ತಿದೆಯೆಂದು ತಿಳಿಯಬೇಕು. ನಂಬರ್ ಪ್ಲೇಟಿನ ದೀಪದ ತಂತಿ, ಆಮೇಲೆ ಕೂಡಿಸಿದ ಟೇಪಿನ ತಂತಿ ಇವೆರಡನ್ನೂ ಮೊದಲು ನೋಡುವುದು ಲೇಸು.

ಹಿಂದೀಪ ಉರಿಯುತ್ತಿದ್ದು ಮೀಟರಿನ ಎಲ್ಲ ದೀಪಗಳೂ ಆರಿದ್ದರೆ ದೋಷ ಡಿಮ್ಮರಿನಲ್ಲೋ ಪ್ಲಗ್ಗಿನಲ್ಲೋ ಇರಬಹುದು. ಡಿಮ್ಮರಿನ ಗುಂಡಿಯನ್ನು ಹತ್ತಾರು ಸಲ ಅತ್ತಿತ್ತ ತಿರುಗಿಸಿದರೆ ಒಳಗಿನ ಕಿಲುಬು ಉಜ್ಜಿ ಹೋಗಿ ದೀಪ ಹತ್ತುವುದೂ ಉಂಟು. ಒಂದೇ ದೀಪ ಆರಿದ್ದರೆ ಬಲ್ಬು ಅಥವಾ ಅದರ ಹೋಲ್ಡರು. ಆಗ ಮೀಟರನ್ನು ಬಿಚ್ಚಬೇಕು. ಅದಕ್ಕೆ ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ತೆಗೆದಿಡಬೇಕು. ಹಳೆಯ ಗಾಡಿಗಳಲ್ಲಿ ಸ್ಪೀಡಾಮೀಟರಿನ ಕೇಬಲನ್ನೂ ಬಿಡಿಸದೆ ಮೀಟರನ್ನು ಎಳೆಯಬಾರದು. ಅನೇಕ ಗಾಡಿಗಳಲ್ಲಿ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ.

ಇಲ್ಲಿ ಮರೆಯಬಾರದ ಮಾತೊಂದಿದೆ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಲಾಳಿ ಆ ಕಡೆ ಹೋದರಷ್ಟೇ ಸಾಲದು, ಮರಳಿ ಈ ಕಡೆ ಬಂದರೇ ಬಟ್ಟೆ. ವಿದ್ಯುತ್ತಿನದೂ ಹಾಗೆಯೇ. ಬಲ್ಬಿಗೆ ಹೋದದ್ದು ಗಾಡಿಯ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳಬೇಕು. ಇದಕ್ಕೆ ಅರ್ಥಿಂಗ್ ಎನ್ನುತ್ತಾರೆ. ಅದರ ತುದಿಯ ಸ್ಕ್ರೂ ಸಡಿಲಾದರೆ ಅಥವಾ ತುಕ್ಕು ಹಿಡಿದರೆ ಬಲ್ಬು ಹೊಸದಾದರೂ ಮಿಣುಕುತ್ತದೆ. ಹಲವರು ಬಲ್ಬಿನ ಮೇಲೆ ಬಲ್ಬು ಬದಲಿಸಿ ಹಣ ಕಳೆಯುವುದು ಇಲ್ಲಿಯೇ. ಉಪ್ಪುಕಾಗದದಿಂದ ಆ ತುದಿಯನ್ನು ಉಜ್ಜಿ ಸ್ಕ್ರೂ ಬಿಗಿದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಇಷ್ಟು ತುಕ್ಕಿಗೆ ಅಷ್ಟು ಮಂಕು ಹೇಗೆ? ತಂದೆಯವರು ಇದನ್ನು ಕಣ್ಣಿನಿಂದ ಬಲ್ಲರು. ಲೆಕ್ಕವನ್ನು ನಾನು ಪುಸ್ತಕದಲ್ಲಿ ಕಂಡೆ. 12 ವೋಲ್ಟಿನ 3 ವಾಟ್ ಬಲ್ಬಿನಲ್ಲಿ ಕಾಲು ಆಂಪೇರು ಹರಿಯುತ್ತದೆ. ಅದರ ತಡೆ 48 ಓಮ್. ತುಕ್ಕಿನಿಂದ ಇನ್ನು 12 ಓಮ್ ಸೇರಿದರೆ ಒಟ್ಟು 60. ಸ್ಥೂಲವಾಗಿ ಬಲ್ಬಿನ ಪಾಲಿಗೆ ಉಳಿಯುವುದು 9.6 ವೋಲ್ಟು. ವೋಲ್ಟು ಐದನೆಯ ಒಂದು ಪಾಲು ಇಳಿಯಿತು. ಆದರೆ ಕಾದ ತಂತಿಯ ಬೆಳಕು ವೋಲ್ಟಿಗಿಂತ ಬಹಳ ಬೇಗ ಇಳಿಯುವುದರಿಂದ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಈ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಗೆಯೋರ್ಗ್ ಓಮನು ಶಾಲೆಯ ಶಿಕ್ಷಕ. ಅವನ ತಂದೆ ಬೀಗ ಮಾಡುವ ಕಸುಬಿನವನು. ಇದನ್ನು ಓದಿದ ದಿನ ನನಗಾದ ಸಂತೋಷವನ್ನು ವಾಚಕರು ಊಹಿಸಬಹುದು.

ಬಲ್ಬು ಬದಲಿಸುವಾಗ ಹೆಚ್ಚು ವಾಟಿನದಕ್ಕೆ ಆಸೆಪಡಬಾರದು. ಅದರ ಕಾವಿಗೆ ಹೋಲ್ಡರು ಕರಗುತ್ತದೆ. ಈಗ ಎಲ್‌ಇಡಿ ಬಲ್ಬುಗಳು ಸಿಗುತ್ತವೆ; ಅವು ತಂಪು, ವಿದ್ಯುತ್ತೂ ಕಡಿಮೆ. ಪ್ಲಸ್ ಮೈನಸ್ ಅದಲುಬದಲಾದರೆ ಅವು ಹತ್ತುವುದಿಲ್ಲ, ತಿರುಗಿಸಿ ಹಾಕಬೇಕು. ಹಳೆಯ ಡಿಮ್ಮರಿನೊಡನೆ ಅವು ಸರಿಯಾಗಿ ಹೊಂದುವುದೂ ಇಲ್ಲ.

ಕೈಯ ವಿದ್ಯೆ ಬೇರೆ, ಪುಸ್ತಕದ ವಿದ್ಯೆ ಬೇರೆ ಎಂಬ ಭಾವನೆ ನಮ್ಮಂಥ ಮನೆಗಳಲ್ಲಿ ಬೇಗ ಬೇರೂರುತ್ತದೆ. ಮಗ ಓದಿದರೆ ಇಕ್ಕಳ ಹಿಡಿಯಬಾರದೆಂದು ಹಿರಿಯರಿಗೂ ಅನಿಸುತ್ತದೆ, ಮಗನಿಗೂ ಅನಿಸುತ್ತದೆ. ಆದರೆ ಓಮನ ಲೆಕ್ಕವೂ ತಂದೆಯವರ ಉಪ್ಪುಕಾಗದವೂ ಹೇಳುವ ಸತ್ಯ ಒಂದೇ. ಬ್ಯಾಟರಿಯಿಂದ ಬಲ್ಬಿನವರೆಗೆ ಒಂದೊಂದೇ ಹೆಜ್ಜೆ ನೋಡುತ್ತ ಹೋಗುವ ಆ ತಾಳ್ಮೆ ಪರೀಕ್ಷೆಯ ಪ್ರಶ್ನೆಯನ್ನು ಬಿಡಿಸುವವನಿಗೂ ಬೇಕಾದದ್ದೇ.

ಗಾಡಿಯುಳ್ಳ ಗುರುಗಳಲ್ಲಿಯೂ ಮಿತ್ರರಲ್ಲಿಯೂ ನನ್ನ ವಿನಂತಿ ಇಷ್ಟೆ. ಸಂಜೆ ಊರು ಬಿಡುವ ಮುನ್ನ ಲೈಟು ಹಾಕಿ ಮೀಟರಿನತ್ತ ಒಮ್ಮೆ ಕಣ್ಣು ಹಾಯಿಸಿರಿ. ಅಲ್ಲಿ ಕತ್ತಲೆ ಕಂಡರೆ ಇಳಿದು ಹಿಂದೆ ಹೋಗಿ ನೋಡಿರಿ. ಬೆಳಕು ಕಂಡರೂ ಇಳಿದು ನೋಡಿದರೆ ನಷ್ಟವಿಲ್ಲ. ಹಿಂದೀಪದ ಬಲ್ಬು ತಾನೊಂದೇ ಸುಟ್ಟಿದ್ದರೆ ಆ ಸುದ್ದಿಯನ್ನು ಮೀಟರ್ ದೀಪವೂ ಹೇಳಲಾರದು.