ಮಗು ತಾನೇ ಓದಿ ಮುಗಿಸುವ ಪುಸ್ತಕ

ಹಿಂದೂಪುರದಲ್ಲಿ ನಮ್ಮ ನೆರೆಮನೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಹೊಸ ಪುಸ್ತಕ ಕೈಗೆ ಬಂದೊಡನೆ ಅವಳು ಮೊದಲು ತೆರೆಯುವುದು ಕೊನೆಯ ಪುಟವನ್ನು. ಕಥೆಯ ಮುಕ್ತಾಯವನ್ನು ತಿಳಿಯುವ ಆತುರವಿರಬೇಕೆಂದು ನಾವು ಬಹುದಿನ ಭಾವಿಸಿದ್ದೆವು. ಒಂದು ದಿನ ಕೇಳಿಯೇಬಿಟ್ಟಾಗ ಸಿಕ್ಕ ಉತ್ತರ ಇದು: "ಕೊನೇಲಿ 'ನೀತಿ' ಅಂತ ಬರೆದಿದ್ರೆ ನಂಗೆ ಬ್ಯಾಡ ತಾತ." ಶಾಲೆಯಲ್ಲಿ ತೆಲುಗಿನಲ್ಲಿ ನೀತಿ, ಇಂಗ್ಲಿಷಿನಲ್ಲಿ ನೀತಿ, ಮನೆಗೆ ಬಂದರೆ ಕನ್ನಡದಲ್ಲಿಯೂ ಅದೇ ಎಂದರೆ ಮಗುವಾದರೂ ಏನು ಮಾಡೀತು!

ಈ ಲೇಖನಕ್ಕೆ ಆ ಹುಡುಗಿಯೇ ಕಾರಣಳೆಂದು ಹೇಳಬಹುದು. ಅಕ್ಷರ ಕೂಡಿಸಿ ಓದುವುದನ್ನು ಈಗಷ್ಟೇ ಕಲಿತ ಮಕ್ಕಳ ಕೈಗೆ ಯಾವ ಕನ್ನಡ ಪುಸ್ತಕವನ್ನು ಕೊಡಬೇಕೆಂಬ ಪ್ರಶ್ನೆ ಬೆಂಗಳೂರಿನ ತಾಯಿಗೂ ಇದೆ, ಧಾರವಾಡದ ತಾಯಿಗೂ ಇದೆ. ಆದರೆ ನಮ್ಮ ಕಡೆ ಅದರ ಸ್ವರೂಪವೇ ಬೇರೆ. ಅಲ್ಲಿ ಮಗು ಪುಸ್ತಕವನ್ನು ಒಲ್ಲೆನೆಂದರೂ ಶಾಲೆಯ ಪಾಠ, ಅಂಗಡಿಯ ಫಲಕ, ಬಸ್ಸಿನ ಹೆಸರು ಅದಕ್ಕೆ ದಿನವೂ ಕನ್ನಡವನ್ನು ಓದಿಸುತ್ತವೆ. ಇಲ್ಲಿ ಓದಿಸುವುದು ನಾವು ತಂದುಕೊಡುವ ಪುಸ್ತಕವೊಂದೇ. ಅದು ಮಗುವಿಗೆ ರುಚಿಸದೆ ಹೋದರೆ ಕನ್ನಡವು ಅಡುಗೆಮನೆಯ ಮಾತಾಗಿ, ಅಜ್ಜಿಯೊಡನೆ ಆಡುವ ಮಾತಾಗಿ ಉಳಿದು, ಮುಂದಿನ ತಲೆಮಾರಿಗೆ ಅಷ್ಟೂ ಉಳಿಯುವುದಿಲ್ಲ.

1953ರಲ್ಲಿ ಆಂಧ್ರ ರಾಜ್ಯವಾದಾಗ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಎಳೆದ ಗೆರೆಗಳು ನಮ್ಮ ಮಾತನ್ನು ಕೇಳಿ ಎಳೆದವುಗಳಲ್ಲ. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ಆಂಧ್ರವನ್ನು ಬಿಟ್ಟು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತೇವೆ. ಆ ನಡುವಿನ ಪಾವಗಡದಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ತೆಲುಗೇ. ಮಡಕಶಿರಾ ಕಡೆಯ ಅಮರಾಪುರ, ಅಗಳಿಗಳಲ್ಲಿ, ರಾಯದುರ್ಗದಾಚೆಯ ಡಿ. ಹಿರೇಹಾಳಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳುಂಟು. ಆದರೆ ಹಿಂದೂಪುರ, ಕಲ್ಯಾಣದುರ್ಗ ಪಟ್ಟಣಗಳಲ್ಲಿ ನೆಲಸಿರುವ ನಮ್ಮ ಮನೆಗಳ ಮಕ್ಕಳಲ್ಲಿ ಬಹುಮಂದಿ ಓದುವುದು ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಆ ಹುಡುಗಿ ಕನ್ನಡ ಅಕ್ಷರಗಳನ್ನು ಕಲಿತಳೆಂಬ ಸಂತೋಷದಲ್ಲಿ ನಾವು ಬೆಂಗಳೂರಿನಿಂದ ಮಹಾಪುರುಷರೊಬ್ಬರ ಜೀವನಚರಿತ್ರೆಯನ್ನು ತಂದುಕೊಟ್ಟೆವು. ರಟ್ಟಿನ ಹೊದಿಕೆ, ಒಳ್ಳೆಯ ಕಾಗದ, ಇನ್ನೂರು ಪುಟ. ಅವಳು ಮರ್ಯಾದೆಯಿಂದ ನಮಸ್ಕರಿಸಿ ತೆಗೆದುಕೊಂಡಳು. ಆರು ತಿಂಗಳ ಮೇಲೆ ನೋಡಿದರೆ ಅದು ಕೇರಂ ಹಲಗೆಯ ಕುಂಟುಮೂಲೆಗೆ ಆಸರೆಯಾಗಿ ನಿಂತಿತ್ತು. ಕೊಟ್ಟವರ ಅಭಿರುಚಿಗೆ ಒಪ್ಪಿದ ಪುಸ್ತಕ ಓದುವವರ ಶಕ್ತಿಗೂ ಒಪ್ಪಬೇಕೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಆ ಶಕ್ತಿ ಎಷ್ಟೆಂಬುದನ್ನು ತಿಳಿಯಲು ಲಿಪಿಯ ವಿಚಾರವನ್ನು ಸ್ವಲ್ಪ ನೋಡಬೇಕು. ಕನ್ನಡ ವರ್ಣಮಾಲೆಯ ಅಕ್ಷರಗಳು 49 ಎಂದು ಎಣಿಸಿ ನಾವು ನೆಮ್ಮದಿಯಾಗಿರುತ್ತೇವೆ. ಆದರೆ 34 ವ್ಯಂಜನಗಳಿಗೂ ಕಾಗುಣಿತ ಸೇರಿದರೆ 400 ರೂಪಗಳನ್ನು ಮೀರುತ್ತದೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಕಲಿಯುವ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದನ್ನು ತೋರಿಸಿದ್ದಾರೆ. ಇದು ಕನ್ನಡ ಶಾಲೆಯಲ್ಲಿಯೇ ಓದುವ ಮಕ್ಕಳ ಮಾತು. ಆದುದರಿಂದ ನಮ್ಮ ಮಗು ಎರಡನೆಯ ವರ್ಷದಲ್ಲಿಯೂ ಎಡವಿದರೆ ಅದು ದಡ್ಡತನವಲ್ಲ.

ತೆಲುಗು ಕಲಿತ ಮಗುವಿಗೆ ಒಂದು ದೊಡ್ಡ ಅನುಕೂಲವಿದೆ. ಎರಡು ಲಿಪಿಗಳೂ ಒಡಹುಟ್ಟಿದವು. ಗ, ಜ, ದ, ನ, ಬ, ಮ, ರ, ಲ ಮುಂತಾದವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ; ತಲೆಕಟ್ಟಿನ ಗೀಟು ಮಾತ್ರ ಬೇರೆ. ಕ, ತ, ಶ, ಹ, ಳ ಇವುಗಳನ್ನು ಕೂಡಿಸಿ ತೋರಿಸಿದರೆ ಕೆಲವೇ ವಾರಗಳಲ್ಲಿ ಮಗು ಕನ್ನಡ ಫಲಕವನ್ನು ಓದತೊಡಗುತ್ತದೆ. ಎಡವುವುದು ಬೇರೆ ಕಡೆ. ತೆಲುಗಿನಲ್ಲಿ ಏಕಾರ, ಓಕಾರಗಳ ದೀರ್ಘವು ಅಕ್ಷರದ ತಲೆಯ ಮೇಲೆಯೇ ಇರುತ್ತದೆ. ಕನ್ನಡದಲ್ಲಿ ಅದು ಬಲಗಡೆ ಬಾಲದಂತೆ ಬಂದು ನಿಲ್ಲುತ್ತದೆ. ಮಗುವಿನ ಕಣ್ಣು ಆ ಬಾಲವನ್ನು ಕಾಣದೆ ದಾಟಿಬಿಡುತ್ತದೆ. ಹೀಗಾಗಿ ನಮ್ಮ ಹುಡುಗಿಯ ಓದಿನಲ್ಲಿ ಅಮ್ಮ ಬೇಳೆಗೆ ಬದಲಾಗಿ ಬೆಳೆಯನ್ನೇ ಬೇಯಿಸಿದಳು, ಹಸುವಿಗೆ ಎರಡು 'ಕೊಡು'ಗಳು ಮೂಡಿದವು. ಇನ್ನು ಅರ್ಕಾವತ್ತು. 'ಸೂರ್ಯ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ನಾವು ಕಡೆಗೆ ಬರೆಯುತ್ತೇವೆ. ತೆಲುಗಿನಲ್ಲಿ ರಕಾರವೇ ಮುಂದೆ ನಿಂತು ಯಕಾರವು ಅದರ ಕೆಳಗೆ ಹೋಗುತ್ತದೆ. ಆದಕಾರಣ ಗಡಿನಾಡಿನ ಮಗುವಿಗೆ ಮೊದಲ ಪುಸ್ತಕವನ್ನು ಆರಿಸುವಾಗ ನಾವು ಮೊದಲು ನೋಡುವುದು ಮುಖಪುಟದ ಚಿತ್ರವನ್ನಲ್ಲ. ನಡುವಿನ ಒಂದು ಪುಟವನ್ನು ತೆರೆದು, ಅರ್ಕಾವತ್ತುಗಳೂ ಮೂರು ಅಕ್ಷರ ಪೇರಿಸಿದ ಸಂಸ್ಕೃತ ಪದಗಳೂ ಎಷ್ಟಿವೆಯೆಂದು ನೋಡುತ್ತೇವೆ. ಅವು ತುಂಬಿದ್ದರೆ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಇನ್ನೊಂದು ವರ್ಷ ಕಾಯಲಿ.

ಮಗು ತಾನೇ ಮಾಡಿಕೊಳ್ಳಬಹುದಾದ ಪರೀಕ್ಷೆಯೊಂದುಂಟು. ಒಂದು ಪುಟವನ್ನು ಓದುತ್ತ, ತಿಳಿಯದ ಪ್ರತಿ ಪದಕ್ಕೂ ಒಂದೊಂದು ಬೆರಳನ್ನು ಮಡಿಸುವುದು. ಪುಟ ಮುಗಿಯುವುದರೊಳಗೆ ಐದು ಬೆರಳೂ ಮಡಿಸಿದರೆ ಪುಸ್ತಕ ಕಷ್ಟದ್ದು. ಒಂದೂ ಮಡಿಸದಿದ್ದರೆ ತೀರ ಸುಲಭ. ಸುಲಭವಾದುದನ್ನು ಓದಿದರೆ ನಷ್ಟವೇನೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದೇ ಪುಸ್ತಕವನ್ನು ಹತ್ತು ಸಲ ಓದುವ ಮಗುವನ್ನು ಹಲವು ತಂದೆಯರು ಗದರಿಸುತ್ತಾರೆ. ಆ ಹತ್ತನೆಯ ಓದಿನಲ್ಲಿ ಅದು ಅಕ್ಷರವನ್ನು ಕೂಡಿಸುವುದನ್ನು ಬಿಟ್ಟು ವಾಕ್ಯವನ್ನು ಓದುತ್ತಿರುತ್ತದೆ.

ಇನ್ನೊಂದು ತೊಡಕು ನಮ್ಮ ಕಡೆಗೇ ವಿಶೇಷವಾದುದು. ಕನ್ನಡ ಶಾಲೆಯ ಮಗು ಆರನೆಯ ವಯಸ್ಸಿನಲ್ಲಿ ಓದುವ ವಾಕ್ಯವನ್ನು ನಮ್ಮ ಮಗು ಒಂಬತ್ತರಲ್ಲಿ ಓದುತ್ತದೆ. ಓದಿನ ಶಕ್ತಿ ಆರು ವರ್ಷದ್ದು, ಬುದ್ಧಿ ಒಂಬತ್ತರದ್ದು. ಸುಲಭವೆಂದು 'ಬೆಕ್ಕು ಬಂತು, ಹಾಲು ಕುಡಿಯಿತು' ಎಂಬ ಪುಸ್ತಕವನ್ನು ಕೊಟ್ಟರೆ ಅದಕ್ಕೆ ಅವಮಾನ. ವಯಸ್ಸಿಗೆ ತಕ್ಕದ್ದನ್ನು ಕೊಟ್ಟರೆ ಐದು ಬೆರಳೂ ಮೊದಲ ಸಾಲಿನಲ್ಲಿಯೇ ಮಡಿಸುತ್ತವೆ. ನಮ್ಮ ಹುಡುಗಿಯ ವಿಷಯದಲ್ಲಿ ಕೈಹಿಡಿದುದು ಒಗಟುಗಳು ಮತ್ತು ತೆನಾಲಿ ರಾಮಕೃಷ್ಣನ ಕಥೆಗಳು. ಒಗಟು ಎರಡೇ ಸಾಲಿನದು, ಆದರೆ ದೊಡ್ಡವರನ್ನೂ ಸೋಲಿಸಬಲ್ಲುದು. ಅದನ್ನು ಓದಿದ ಮಗುವಿಗೆ ಮನೆಯವರೆಲ್ಲರನ್ನೂ ಕಾಡುವ ಅಧಿಕಾರ ಬರುತ್ತದೆ. ತೆನಾಲಿಯ ಕಥೆಯನ್ನು ಅದು ತೆಲುಗಿನಲ್ಲಿ ಮೊದಲೇ ಕೇಳಿರುತ್ತದೆ; ಕೃಷ್ಣದೇವರಾಯನ ಹೆಸರೂ ಪೆನುಕೊಂಡೆಯ ಕೋಟೆಯೂ ಅದಕ್ಕೆ ಹೊಸವಲ್ಲ. ಮುಂದೇನಾಗುವುದೆಂದು ತಿಳಿದಿರುವ ಕಥೆಯಲ್ಲಿ ಕಷ್ಟಪದವು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಇದನ್ನು ಮೋಸವೆಂದು ತಿಳಿಯಬೇಕಾಗಿಲ್ಲ. ದೊಡ್ಡವರಾದ ನಾವೂ ಹೀಗೆಯೇ ಓದುತ್ತೇವೆ.

ಇದೇ ಗುಣ ಒಂದು ಕಾಲದಲ್ಲಿ 'ಚಂದಮಾಮ'ಕ್ಕಿತ್ತು. 1947ರಲ್ಲಿ ಬಿ. ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಆ ಮಾಸಿಕವು ಮುಂದೆ ಕನ್ನಡದಲ್ಲಿಯೂ ಬಂದಿತು. ಅದೇ ಚಿತ್ರ, ಅದೇ ಬೇತಾಳ, ಎರಡು ಭಾಷೆ. ನಮ್ಮ ಬಾಲ್ಯದಲ್ಲಿ ನೆರೆಯವರ ತೆಲುಗು ಸಂಚಿಕೆಯನ್ನೂ ನಮ್ಮ ಕನ್ನಡ ಸಂಚಿಕೆಯನ್ನೂ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದಿದುದುಂಟು. ಪತ್ರಿಕೆ ನಿಂತು ಹತ್ತು ವರ್ಷಗಳ ಮೇಲಾಯಿತು. ಅಟ್ಟದ ಮೇಲೆ ಹಳೆಯ ಸಂಚಿಕೆಗಳಿದ್ದರೆ ದಯವಿಟ್ಟು ಹಳೆಯ ಕಾಗದದವನಿಗೆ ಕೊಡಬೇಡಿರಿ.

ಈಗ ಆ ಸ್ಥಾನವನ್ನು ಸ್ವಲ್ಪಮಟ್ಟಿಗೆ ತುಂಬುತ್ತಿರುವುದು 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ. ಅವರ ಪುಸ್ತಕಗಳನ್ನು ಓದಿನ ಶಕ್ತಿಗನುಸಾರವಾಗಿ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ಮರುಕಳಿಸುವ ಪದಗಳು. ಮೂರನೆಯದು ತಾನಾಗಿ ಓದುವ ಮಗುವಿಗೆ. ಒಂದೇ ಕಥೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಿಗುತ್ತದೆ. 2015ರಿಂದ ಸ್ಟೋರಿವೀವರ್ ಎಂಬ ಅವರ ತಾಣದಲ್ಲಿ ಬೆಲೆಯಿಲ್ಲದೆ ಓದಬಹುದು. ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸನನ್ನು ನಾವು ವಿಶೇಷವಾಗಿ ಸೂಚಿಸುತ್ತೇವೆ. ಉದ್ದ ಕೂದಲಿನ ಈತ ಕ್ಷೌರಕ್ಕೆಂದು ಹೊರಟರೆ ಯಾರಿಗೂ ಬಿಡುವಿಲ್ಲ. ಒಬ್ಬೊಬ್ಬರ ಬಳಿಯೂ ಅದೇ ಪ್ರಶ್ನೆ ಮರಳಿ ಬರುವುದರಿಂದ ಮೂರನೆಯ ಸಲಕ್ಕೆ ಮಗು ಪುಟವನ್ನು ನೋಡದೆಯೇ ಹೇಳಿಬಿಡುತ್ತದೆ. ಚೆನ್ನೈಯ ತೂಲಿಕಾ ಪ್ರಕಾಶನವೂ ಎರಡೂ ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಬೆಲೆಯಲ್ಲಿ ಹಗುರ.

ಹಾಗಾದರೆ ನಮ್ಮ ಹಿರಿಯರ ಪುಸ್ತಕಗಳು? ಅವನ್ನು ಬಿಡಬೇಕೆಂದಲ್ಲ, ಅವು ಕಿವಿಯ ಮೂಲಕ ಬರಬೇಕು. ಪಂಜೆ ಮಂಗೇಶರಾಯರ ಹಾಡುಗಳನ್ನು, ಜಿ.ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನು ಮೊದಲು ಹಾಡಿ ಕಲಿಸಿ, ಬಾಯಿಪಾಠವಾದ ಮೇಲೆ ಪುಟವನ್ನು ಕೈಗೆ ಕೊಡಿರಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಒಂಟಿಯಾಗಿ ಓದುವುದು ನಮ್ಮ ಮಗುವಿಗೆ ಕಷ್ಟ. ಆದರೆ ಇಲಿಗಳ ಆ ಗದ್ದಲವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಎದ್ದುಹೋಗುವ ಮಗುವನ್ನು ನಾವು ಕಂಡಿಲ್ಲ. ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ' ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಕಥೆಯನ್ನು ಒದಗಿಸುತ್ತದೆ. ರಾತ್ರಿಯ ಊಟದ ನಂತರ ತಾಯಿ ಅರ್ಧ ಓದಿ, ಒಲೆಯ ಮೇಲೆ ಹಾಲಿದೆಯೆಂದು ಎದ್ದುಹೋಗಬೇಕು. ಉಳಿದರ್ಧವನ್ನು ಮಗು ಏನು ಮಾಡುವುದೆಂಬುದನ್ನು ಅಡುಗೆಮನೆಯಿಂದ ನೋಡಿರಿ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಭಾರತ-ಭಾರತಿ ಮಾಲೆಯ ಕಿರುಪುಸ್ತಕಗಳೂ, ಗಾಂಧೀಜಿಯವರನ್ನು ಕುರಿತ ಬೊಳುವಾರು ಮಹಮದ್ ಕುಂಞಿಯವರ ಪುಸ್ತಕವೂ ಆಮೇಲಿನ ಮೆಟ್ಟಿಲು. ನಾವು ಆ ಮೆಟ್ಟಿಲನ್ನೇ ಮೊದಲು ಮಾಡಿದೆವು. ಕೇರಂ ಹಲಗೆ ಗಟ್ಟಿಯಾಗಿ ನಿಂತಿತು.

ಚಿತ್ರಗಳ ಬಗ್ಗೆ ಒಂದು ಮಾತು. ಚಿತ್ರವನ್ನು ನೋಡಿ ಅರ್ಥವನ್ನು ಊಹಿಸುವ ಮಗು ಓದುತ್ತಿಲ್ಲವೆಂದು ಕೆಲವರು ಚಿತ್ರದ ಮೇಲೆ ಕೈಯಿಟ್ಟು ಮುಚ್ಚುವುದುಂಟು. ಹಿಂದೂಪುರದಿಂದ 15 ಕಿಲೋಮೀಟರಿನ ಲೇಪಾಕ್ಷಿಗೆ ಅವರು ಮಗುವನ್ನು ಕರೆದೊಯ್ಯಲಿ. ವೀರಭದ್ರನ ಗುಡಿಯಲ್ಲಿ ಒಂದೇ ಮೈಗೆ ಮೂರು ತಲೆಗಳಿರುವ ಹಸುವಿನ ಶಿಲ್ಪದ ಮುಂದೆ ಮಗು ಒಂದೊಂದು ತಲೆಯನ್ನೂ ಬೆರಳಿನಿಂದ ಮರೆಮಾಡಿ ನೋಡುತ್ತದೆ, ಮೇಲಿನ ಚಾವಣಿಯ ವರ್ಣಚಿತ್ರವನ್ನು ನೋಡಿ "ಇವನ್ಯಾಕೆ ಬಾಣ ಬಿಡ್ತಿದ್ದಾನೆ?" ಎನ್ನುತ್ತದೆ. ಓದು ಹುಟ್ಟುವುದು ಆ 'ಯಾಕೆ'ಯಲ್ಲಿ.

ಪುಸ್ತಕದ ಕನ್ನಡಕ್ಕೂ ನಮ್ಮ ಮನೆಯ ಕನ್ನಡಕ್ಕೂ ಇರುವ ಅಂತರವನ್ನು ಮರೆಯುವಂತಿಲ್ಲ. ನಮ್ಮ ಮಾತಿನಲ್ಲಿ ತೆಲುಗು ಬೆರೆತಿದೆ, ಬೆರೆತೇ ಇರುತ್ತದೆ. ಅದನ್ನು ಕುಂದೆಂದು ತಿದ್ದಹೊರಟರೆ ಮಗು ಬಾಯಿ ಮುಚ್ಚುತ್ತದೆ. ಬದಲಿಗೆ ಅದನ್ನು ಆಟವಾಗಿ ಮಾಡಬಹುದು: ಶಾಲೆಯ ಪುಲಿ ಪುಸ್ತಕದಲ್ಲಿ ಹುಲಿ, ಪಾಮು ಹಾವು, ಪಂದಿ ಹಂದಿ, ಪಾಲು ಹಾಲು. ಈ ಸೂತ್ರವನ್ನು ಕಂಡುಹಿಡಿದ ದಿನ ನಮ್ಮ ಹುಡುಗಿ ಪೆನುಕೊಂಡೆಯನ್ನು 'ಹೆನುಕೊಂಡೆ' ಎಂದು ಕರೆದು ಊರೆಲ್ಲ ನಗಿಸಿದಳು.

ಕಲ್ಯಾಣದುರ್ಗದ ನಮ್ಮ ಬಂಧುಗಳ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಜನ್ಮವೆಲ್ಲ ಕನ್ನಡವನ್ನೇ ಆಡಿದವರು; ಓದಿದ ನಾಲ್ಕು ತರಗತಿ ತೆಲುಗಿನದು, ಕನ್ನಡ ಅಕ್ಷರ ಬಾರದು. ಕಳೆದ ಬೇಸಗೆಯಲ್ಲಿ ಅವರ ಎಂಟು ವರ್ಷದ ಮೊಮ್ಮಗ ಕಡಲೆಕಾಯಿ ಸುಲಿಯುತ್ತ ಕುಳಿತ ಅಜ್ಜಿಯ ಎದುರಿಗೆ ಪುಸ್ತಕ ಹಿಡಿದು ಓದುತ್ತಿದ್ದನು. ಅವನು 'ಬೆಳೆ' ಎಂದಾಗ ಅಜ್ಜಿ ತಲೆಯೆತ್ತದೆ, "ಬೇಳೆ ಕಣೋ. ಬೆಳೆ ಹೊಲದಾಗಿರ್ತತೆ" ಎಂದರು. ಅವನು ಮತ್ತೆ ಪುಟವನ್ನು ನೋಡಿ, ಆ ಬಾಲವನ್ನು ಕಂಡು, "ಹೌದಜ್ಜಿ, ದೀರ್ಘ ಐತೆ! ನಿಂಗೆ ಓದೋಕೆ ಬರಲ್ವಲ್ಲ, ಹೆಂಗ್ ಗೊತ್ತಾಯ್ತು?" ಎಂದನು. ಅಜ್ಜಿ ನಕ್ಕು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಆ ಅಕ್ಷರ ನಂಗೂ ತೋರ್ಸು" ಎಂದರು.

ಪುಸ್ತಕಗಳನ್ನು ಪಡೆಯುವ ಬಗೆಯನ್ನು ಹಲವರು ಕೇಳುತ್ತಾರೆ. ಹಿಂದೂಪುರದವರಿಗೆ ಬೆಂಗಳೂರು ಸುಮಾರು 100 ಕಿಲೋಮೀಟರು, ರೈಲಿದೆ. ಕಲ್ಯಾಣದುರ್ಗದವರು ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗಬಹುದು. ಅಂಗಡಿಗೆ ಮಗುವನ್ನೂ ಕರೆದೊಯ್ದು, ಎರಡು ಪುಸ್ತಕಗಳನ್ನು ನೀವು ಆರಿಸಿದರೆ ಎರಡನ್ನು ಅದಕ್ಕೇ ಬಿಡಿರಿ. ಅದು ಆರಿಸಿದ್ದು ನಿಮಗೆ ಕ್ಷುಲ್ಲಕವೆನಿಸಬಹುದು. ದುಡ್ಡು ಕೊಟ್ಟು ಸುಮ್ಮನಿರಿ. ನಮ್ಮ ಐದು ಮನೆಗಳವರು ಸೇರಿ ಮೂವತ್ತು ಪುಸ್ತಕಗಳ ಒಂದು ಚೀಲವನ್ನು ಮಾಡಿದ್ದೇವೆ. ಎರಡು ತಿಂಗಳಿಗೊಮ್ಮೆ ಅದು ಮನೆಯಿಂದ ಮನೆಗೆ ಹೋಗುತ್ತದೆ, ಹೆಚ್ಚಾಗಿ ಮದುವೆಗೋ ಹಬ್ಬಕ್ಕೋ ಹೋಗುವವರ ಕೈಯಲ್ಲಿ. ಹರಿದ ಪುಟಗಳಿಗೆ ಯಾರನ್ನೂ ಕೇಳುವಂತಿಲ್ಲವೆಂಬುದೊಂದೇ ನಿಯಮ. ಚೀಲ ಈಗ ಕಲ್ಯಾಣದುರ್ಗದಲ್ಲಿದೆ. ದಸರೆಗೆ ಹಿಂದೂಪುರಕ್ಕೆ ಬರಬೇಕು. ಒಗಟಿನ ಪುಸ್ತಕವನ್ನು ಮಾತ್ರ ತಾವೇ ಇಟ್ಟುಕೊಳ್ಳುವುದಾಗಿ ಅಜ್ಜಿ ಹೇಳಿಕಳುಹಿಸಿದ್ದಾರೆ.