ಅರ್ಧ ಸೆಕೆಂಡಿನ ಲೆಕ್ಕ

ಅಂಗಡಿ ಮುಚ್ಚುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಣಕ್ಕೂ ಕಿರ್ದಿಗೂ ಎರಡು ರೂಪಾಯಿ ವ್ಯತ್ಯಾಸ ಬಂದರೆ ನಮ್ಮ ಹಿರಿಯರು ಕದ ಹಾಕುತ್ತಿರಲಿಲ್ಲ. ಎರಡು ರೂಪಾಯಿ ದೊಡ್ಡದಲ್ಲ, ಅದು ಏಕೆ ಬಂತೆಂಬುದು ದೊಡ್ಡದು. ಇಂಥದೇ ಒಂದು ಸ್ವಭಾವದಿಂದ 2024ರಲ್ಲಿ ಜಗತ್ತಿನ ಅಸಂಖ್ಯ ಗಣಕಯಂತ್ರಗಳು ಕನ್ನದಿಂದ ಪಾರಾದವು.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆನ್ನುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅಂಥದು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿಗೂ ಅದೇ ತಳಪಾಯ. ಇದೊಂದು ಅರವಟ್ಟಿಗೆಯಿದ್ದಂತೆ. ನೀರು ಕುಡಿಯುವವರು ಬಹಳ; ಕೊಡ ಹೊರುವವರು ಕೆಲವರೇ.

ಹೊಸ ಗುಮಾಸ್ತನ ಕೈಗೆ ಕೀಲಿಕೈ

ಕಡತಗಳನ್ನು ಕುಗ್ಗಿಸಿಡುವ 'ಎಕ್ಸ್‌ಝಡ್' ಎಂಬ ಚಿಕ್ಕ ತಂತ್ರಾಂಶವೊಂದಿದೆ. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದು ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್ ಒಬ್ಬರೇ, ಅದೂ ಸಂಬಳವಿಲ್ಲದೆ. 2021ರಲ್ಲಿ 'ಜಿಯಾ ಟಾನ್' ಎಂಬ ಹೆಸರಿನವರು ಬಂದು ಸಣ್ಣಪುಟ್ಟ ತಿದ್ದುಪಡಿ ಕಳುಹಿಸತೊಡಗಿದರು. 2022ರಲ್ಲಿ ಅಪರಿಚಿತ ಹೆಸರುಗಳಿಂದ, ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಾಯವೂ ಬಂತು. ದಣಿದಿದ್ದ ಕೊಲಿನ್ ಹೊಸಬರಿಗೆ ಅಧಿಕಾರ ಹಂಚಿಕೊಟ್ಟರು. ಚೆನ್ನಾಗಿ ದುಡಿದ ಗುಮಾಸ್ತನಿಗೆ ತಿಜೋರಿಯ ಕೀಲಿಕೈ ಕೊಟ್ಟಂತೆ.

2024ರ ಫೆಬ್ರವರಿಯಲ್ಲಿ ಹೊರಬಂದ ಆವೃತ್ತಿಯೊಳಗೆ ಒಂದು ಕಳ್ಳಬಾಗಿಲು ಅಡಗಿತ್ತು. ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅದನ್ನು ಬಚ್ಚಿಟ್ಟಿದ್ದರು. ಕೀಲಿ ಗೊತ್ತಿದ್ದವರು ದೂರದಿಂದಲೇ ಯಂತ್ರದೊಳಗೆ ನುಗ್ಗಬಹುದಿತ್ತು.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಅವರು ಕಳ್ಳನನ್ನು ಹುಡುಕುತ್ತಿರಲಿಲ್ಲ. ಬೇರೆ ತಂತ್ರಾಂಶದ ವೇಗ ಅಳೆಯುತ್ತಿದ್ದಾಗ, ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚಾಗುತ್ತಿರುವುದನ್ನು ಕಂಡರು. ಬಿಡದೆ ಬೆನ್ನುಹತ್ತಿ, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಮುಖ್ಯ ಲಿನಕ್ಸ್ ಆವೃತ್ತಿಗಳ ಸ್ಥಿರ ಬಿಡುಗಡೆಗಳಿಗೆ ಅದು ಸೇರುವ ಮೊದಲೇ ತಡೆಯಲು ಸಾಧ್ಯವಾಯಿತು. ಒಳಗಿನ ಬರಹ ಎಲ್ಲರಿಗೂ ತೆರೆದಿದ್ದರಿಂದಲೇ ಮೂಲದವರೆಗೂ ಶೋಧಿಸಲು ಅವರಿಗೆ ಅನುಕೂಲವಾಯಿತು.

ನಾವೇನು ಮಾಡಬಹುದು?

ಕಂಪ್ಯೂಟರ್ ಓದಿದವರೇ ಇದಕ್ಕೆ ಬೇಕೆಂದಿಲ್ಲ. ದೋಷ ಕಂಡರೆ ಸುಮ್ಮನೆ ಬೈಯದೆ, ಏನು ಮಾಡಿದಾಗ ಏನಾಯಿತು, ಯಾವ ಆವೃತ್ತಿ ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದೂ ಸೇವೆಯೇ. ಗ್ನೂಕ್ಯಾಶ್ ಎಂಬ ಲೆಕ್ಕಪತ್ರದ ತಂತ್ರಾಂಶವೂ ಮುಕ್ತವಾದುದೇ. ಅಂಥವುಗಳ ಕನ್ನಡಕ್ಕೆ ಜಮಾ, ಉದ್ರಿ, ಬಾಕಿ ಎಂಬ ಪೇಟೆಯ ಮಾತು ಬಲ್ಲವರು ಬೇಕು. ಗಡಿಯಲ್ಲಿ ನೆಲೆಸಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಆಡುವ ನಮ್ಮ ಮಕ್ಕಳಿಗಿಂತ ಇದಕ್ಕೆ ತಕ್ಕವರು ಯಾರು? ಕೋಡ್ ಬರೆಯಬಲ್ಲ ಮಕ್ಕಳು ಚಿಕ್ಕ ತಿದ್ದುಪಡಿಯಿಂದ ಆರಂಭಿಸಲಿ. ಅದನ್ನು ಹಳಬರು ಪರಿಶೀಲಿಸಿ ಪ್ರಶ್ನೆ ಕೇಳಿದರೆ ಅವಮಾನವೆಂದು ತಿಳಿಯದಿರಲಿ. ಲೆಕ್ಕ ತೋರಿಸೆನ್ನುವುದು ಅಪನಂಬಿಕೆಯಲ್ಲ, ಅದು ವ್ಯವಹಾರದ ಶಿಸ್ತು.

ಉಚಿತ ತಂತ್ರಾಂಶದಿಂದ ವ್ಯಾಪಾರ ನಡೆಸುವವರು ವರ್ಷಕ್ಕೊಮ್ಮೆ ಅದರ ನಿಧಿಗೆ ಯಥಾಶಕ್ತಿ ಕೊಡಲಿ. ಕೊಡ ಹೊರುವವನು ಒಬ್ಬನೇ ಆಗಿ ದಣಿದಾಗಲೇ ಕಪಟಿಗೆ ಒಳಬರಲು ದಾರಿ ಸಿಗುತ್ತದೆ. ಪಕ್ಕದಲ್ಲಿ ಇನ್ನು ನಾಲ್ಕು ಪ್ರಾಮಾಣಿಕ ಕೈಗಳಿದ್ದರೆ ಆ ದಾರಿ ತಾನಾಗಿ ಮುಚ್ಚುತ್ತದೆ.